ನೋಟೀಸಿನ ಮೂರನೇ ಸಾಲು

ಸಭೆಯ ನೋಟೀಸಿನಲ್ಲಿ ಮೊದಲ ಸಾಲು ದಿನಾಂಕ, ಎರಡನೆಯದು ಸಮಯ, ಮೂರನೆಯದು ಸ್ಥಳ. ಬ್ರಹ್ಮಾವರದಿಂದ ಒಳಗೆ, ಸೀತಾನದಿಯ ಬದಿಯ ಒಂದು ಊರಿನ ಸಹಕಾರ ಸಂಘದಲ್ಲಿ ಇಪ್ಪತ್ತೊಂಬತ್ತು ವರ್ಷ ಈ ಮೂರು ಸಾಲುಗಳನ್ನು ನಾನೇ ಬರೆದೆ. ಸಂಘದ ಹೆಸರು ಇಲ್ಲಿ ಬೇಡ. ದಿನಾಂಕ ಹಾಕುವ ಮೊದಲು ಕ್ಯಾಲೆಂಡರಿನಲ್ಲಿ ಅಷ್ಟಮಿ, ಚೌತಿ ಎಲ್ಲ ನೋಡಬೇಕು. ಸಮಯ ಹಾಕುವ ಮೊದಲು ಡೈರಿಗೆ ಹಾಲು ಹಾಕಿ ಬರುವವರ ಹೊತ್ತು, ಬಸ್ಸಿನ ಹೊತ್ತು ನೋಡಬೇಕು. ಸ್ಥಳದ ಬಗ್ಗೆ ಯೋಚಿಸುವ ಪ್ರಮೇಯವೇ ಇರಲಿಲ್ಲ. ‘ಶಾಲೆಯ ಸಭಾಂಗಣ’ ಎಂದು ಕೈ ತಾನಾಗಿ ಬರೆದುಬಿಡುತ್ತಿತ್ತು.

ಒಂದು ವರ್ಷ ಆ ಸಾಲು ಬದಲಾಯಿತು. ಆಡಳಿತ ಮಂಡಳಿಯ ಕೆಲವರು ಬಂದು, ಈ ಸಲ ಮಹಾಸಭೆ ಪೇಟೆಯಲ್ಲಿ ಆಗಲಿ, ಅಲ್ಲಿ ಒಳ್ಳೆಯ ಹಾಲ್ ಇದೆ, ಫ್ಯಾನ್ ಇದೆ, ಎಲ್ಲರಿಗೂ ಅನುಕೂಲ ಎಂದರು. ಪೇಟೆ ನಮ್ಮ ಊರಿನಿಂದ ಇಪ್ಪತ್ತೆರಡು ಕಿಲೋಮೀಟರ್, ನಡುವೆ ಒಂದು ಬಸ್ ಬದಲಿಸಬೇಕು. ನೋಟೀಸುಗಳು ಅಚ್ಚಾಗಿ ಬಂದಿದ್ದವು, ಅರ್ಧದಷ್ಟು ಹಂಚಿಯೂ ಆಗಿತ್ತು. ಉಳಿದವುಗಳಲ್ಲಿ ಹಳೆಯ ಸ್ಥಳದ ಮೇಲೆ ಗೆರೆ ಎಳೆದು, ಹೊಸ ಸ್ಥಳವನ್ನು ನೀಲಿ ಶಾಯಿಯಲ್ಲಿ ಬರೆದವಳು ನಾನು. ಹಂಚಿಹೋದವುಗಳಿಗೆ ಬದಲಾಗಿ ಸಂಘದ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು. ಮಳೆಗೆ ಆ ಚೀಟಿ ಮರುದಿನವೇ ಸುರುಟಿಕೊಂಡಿತ್ತು.

ಸಭೆಯ ದಿನ ಬೆಳಗ್ಗಿನಿಂದ ಮಳೆ. ಆರುನೂರಕ್ಕೂ ಹೆಚ್ಚು ಸದಸ್ಯರಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು ಐವತ್ತೆಂಟು ಮಂದಿ. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಮತ್ತೆ ಅದೇ ಹಾಲ್‌ನಲ್ಲಿ ಸಭೆ ಶುರು ಮಾಡಿದರು. ಅಜೆಂಡಾದ ಏಳನೇ ವಿಷಯ, ಗೋದಾಮಿನ ಪಕ್ಕ ರಸ್ತೆ ಬದಿಗಿದ್ದ ಸಂಘದ ಅರ್ಧ ಎಕರೆ ಜಾಗದ ಮಾರಾಟ. ಓದಿದರು, ಕೈ ಎತ್ತಿದರು, ಆಯಿತು. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆದದ್ದೂ ನಾನೇ.

ಮರುದಿನ ಸಂಘಕ್ಕೆ ನಮ್ಮ ಬೈಲಿನ ಒಬ್ಬ ಹಿರಿಯ ಸದಸ್ಯೆ ಬಂದರು. ಎಪ್ಪತ್ತು ದಾಟಿದವರು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಲಕೋಟೆಯೊಳಗಿಂದ ನೋಟೀಸು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದರಲ್ಲಿ ಶಾಲೆಯ ಸಭಾಂಗಣ ಎಂದೇ ಇತ್ತು, ಗೆರೆ ಇರಲಿಲ್ಲ. ಹತ್ತು ಗಂಟೆಗೆ ಶಾಲೆಗೆ ಹೋಗಿದ್ದರಂತೆ. ಬಾಗಿಲಿಗೆ ಬೀಗ. ಮಳೆ ಬಿಡಲಿ ಎಂದೋ, ಯಾರಾದರೂ ಬರಲಿ ಎಂದೋ, ಒಂದು ಗಂಟೆಯವರೆಗೆ ಜಗಲಿಯಲ್ಲಿ ನಿಂತಿದ್ದರಂತೆ.

“ನಾನು ಬಂದಿದ್ದೆ ಮಗಳೇ,” ಎಂದರು. “ಸಭೆಯೇ ಬರಲಿಲ್ಲ.”

ಅವರಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆ ಮಾತು ಇಷ್ಟು ವರ್ಷಗಳಾದರೂ ನನ್ನೊಳಗೆ ಹಾಗೆಯೇ ಕೂತಿದೆ.

ಅಂದಿನಿಂದ ‘ಸ್ಥಳ’ ಎಂಬ ಪದ ಯಾವ ಕಾನೂನಿನಲ್ಲಿ ಕಂಡರೂ ನಿಂತು ಓದುವುದು ನನಗೆ ಅಭ್ಯಾಸವಾಯಿತು. ಅಣ್ಣನ ಮಗಳು ಆಗ ಉಡುಪಿಯ ಕುಂಜಿಬೆಟ್ಟಿನಲ್ಲಿರುವ ವೈಕುಂಠ ಬಾಳಿಗಾ ಕಾನೂನು ಕಾಲೇಜಿನಲ್ಲಿ ಓದುತ್ತಿದ್ದಳು. ಅವಳ ಸಂವಿಧಾನದ ಪ್ರತಿಯನ್ನು ಒಂದು ರಜೆಯಲ್ಲಿ ಇಸಿದುಕೊಂಡೆ. ಒಂದು ಸಣ್ಣ ಸಂಘದ ಸಭೆಯನ್ನೇ ಹೀಗೆ ಎತ್ತಿ ಬೇರೆ ಕಡೆ ಇಡಬಹುದಾದರೆ, ದೇಶದ ಸಂಸತ್ತನ್ನು ಎಲ್ಲಿ ಸೇರಿಸಬೇಕೆಂದು ಯಾರು ಹೇಳುತ್ತಾರೆ? ಅದಕ್ಕೆ ನಿಯಮ ಏನು? ಇದು ನನಗೆ ತಿಳಿಯಲೇಬೇಕಿತ್ತು.

ಉತ್ತರ 85ನೇ ವಿಧಿಯಲ್ಲಿದೆ. ರಾಷ್ಟ್ರಪತಿಯವರು ತಮಗೆ ಸೂಕ್ತವೆಂದು ತೋರಿದ ಸಮಯದಲ್ಲಿ, ಸೂಕ್ತವೆಂದು ತೋರಿದ ಸ್ಥಳದಲ್ಲಿ ಸಂಸತ್ತಿನ ಪ್ರತಿಯೊಂದು ಸದನವನ್ನು ಕರೆಯಬೇಕು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಬಾರದು. ನಾನು ಇದನ್ನು ಎರಡು ಮೂರು ಸಲ ಓದಿದೆ. ಸಮಯಕ್ಕೆ ಆರು ತಿಂಗಳ ಬೇಲಿ ಹಾಕಿದ್ದಾರೆ. ಸ್ಥಳಕ್ಕೆ ಯಾವ ಬೇಲಿಯೂ ಇಲ್ಲ. ದೆಹಲಿ ಎಂಬ ಹೆಸರೂ ಅಲ್ಲಿ ಬರುವುದಿಲ್ಲ. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ, ಆದ್ದರಿಂದ ಸೂಕ್ತ ಎನ್ನುವುದನ್ನು ಸರ್ಕಾರವೇ ತೀರ್ಮಾನಿಸಿದ ಹಾಗಾಯಿತು. ಅದೇ ಪುಸ್ತಕದಲ್ಲಿ ಸ್ವಲ್ಪ ಮುಂದೆ 130ನೇ ವಿಧಿ ನೋಡಿ. ಸುಪ್ರೀಂ ಕೋರ್ಟ್ ದೆಹಲಿಯಲ್ಲಿ ಕುಳಿತುಕೊಳ್ಳಬೇಕು, ಬೇರೆ ಸ್ಥಳ ಬೇಕಾದರೆ ಮುಖ್ಯ ನ್ಯಾಯಮೂರ್ತಿಯೇ ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ಗೊತ್ತುಮಾಡಬೇಕು. ನ್ಯಾಯಾಲಯದ ಜಾಗ ಬದಲಿಸಲು ನ್ಯಾಯಾಲಯದ್ದೇ ಮಾತು ಬೇಕು. ಸಂಸತ್ತಿನ ಜಾಗ ಬದಲಿಸಲು ಸಂಸತ್ತಿನ ಮಾತು ಬೇಕೆಂದು ಎಲ್ಲೂ ಬರೆದಿಲ್ಲ.

ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲಿ ಹುಟ್ಟಿ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಅವರ ಬಗ್ಗೆ ನನಗೆ ಬಹಳ ಗೌರವವಿದೆ. ಸ್ಥಳದ ಈ ಮಾತು ಅವರ ಕಾಲಕ್ಕಿಂತ ಹಳೆಯದು. ಬ್ರಿಟಿಷರು ಮಾಡಿದ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಹೆಚ್ಚುಕಡಿಮೆ ಇದೇ ವಾಕ್ಯವಿದೆ, ಅಲ್ಲಿ ಸೂಕ್ತವೆಂದು ಭಾವಿಸುವವರು ಗವರ್ನರ್ ಜನರಲ್. ಬ್ರಿಟಿಷರ ಕಾಲದಲ್ಲಿ ಕೇಂದ್ರ ಶಾಸನಸಭೆ ದೆಹಲಿಯ ಸೆಕೆಗೆ ಹೆದರಿ ಶಿಮ್ಲಾಕ್ಕೆ ಹೋಗುತ್ತಿತ್ತು. ವಿಠಲಭಾಯಿ ಪಟೇಲರು 1925ರ ಆಗಸ್ಟ್‌ನಲ್ಲಿ ಆ ಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷರಾದದ್ದು ದೆಹಲಿಯಲ್ಲಲ್ಲ, ಶಿಮ್ಲಾದ ಕೌನ್ಸಿಲ್ ಚೇಂಬರಿನಲ್ಲಿ. ಈಗ ಅಲ್ಲಿ ಹಿಮಾಚಲದ ವಿಧಾನಸಭೆ ಸೇರುತ್ತದೆ. ಆ ವಿಧಾನಸಭೆ ಕೂಡ 2005ರಿಂದ ಚಳಿಗಾಲದಲ್ಲಿ ಧರ್ಮಶಾಲಾ ಪಟ್ಟಣಕ್ಕೆ ಇಳಿದು ಬರುತ್ತದೆ.

ಸಭೆ ಬೇರೆ ಊರಿಗೆ ಹೋಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯವರಿಗೆ ಆ ಭಾವನೆ ಬರುವುದೂ ಕಷ್ಟ. ಆಳುಪರ ರಾಜಧಾನಿ ಮಂಗಳೂರು, ಉದ್ಯಾವರ, ಬಾರ್ಕೂರು ಎಂದು ಮೂರು ಕಡೆ ಇತ್ತು; ಬಾರ್ಕೂರು ನಮ್ಮ ಮನೆಯಿಂದ ಹೊಳೆಯಾಚೆ. ಯಕ್ಷಗಾನದ ಮೇಳ ಆರು ತಿಂಗಳು ದಿನಕ್ಕೊಂದು ಊರಿನಲ್ಲಿ ಗೆಜ್ಜೆ ಕಟ್ಟುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಯನ್ನು ಇಟ್ಟು ಪೂಜೆ ಮಾಡಿದರೆ ಅದು ರಂಗಸ್ಥಳವೇ. ಆದರೆ ಸಂಜೆಗೆ ‘ಕೇಳಿ’, ಅಂದರೆ ಆಟವನ್ನು ಸಾರುವ ವಾದ್ಯ, ಬಡಿಯದೆ ಮೇಳ ಆಟ ಶುರು ಮಾಡುವುದಿಲ್ಲ. ಚೆಂಡೆ ಮದ್ದಳೆಯ ಆ ಸದ್ದು ಮೂರು ಬೈಲು ದಾಟಿ ಹೋಗಬೇಕು, ಇವತ್ತು ಆಟ ಇಲ್ಲಿ ಎಂದು ಮನೆಮನೆಗೆ ತಿಳಿಯಬೇಕು. ಸಣ್ಣವಳಿದ್ದಾಗ ಕೇಳಿಯ ಸದ್ದು ಬಂದ ದಿಕ್ಕು ನೋಡಿಯೇ ಅಜ್ಜಿ ಟಾರ್ಚಿಗೆ ಬ್ಯಾಟರಿ ಹಾಕುತ್ತಿದ್ದರು. ನಾವು ಸಂಘದ ಬಾಗಿಲಿಗೆ ಅಂಟಿಸಿದ ಚೀಟಿಗೆ ಅಂಥ ಸದ್ದು ಇರಲಿಲ್ಲ.

ಬೇರೆ ದೇಶಗಳವರು ಏನು ಮಾಡಿದ್ದಾರೆ ಎಂದು ಹುಡುಕಿದಾಗ ನನ್ನ ಎದೆಗೆ ನೇರವಾಗಿ ತಗುಲಿದ್ದು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ. ಅದರಲ್ಲಿ ಇಂಗ್ಲೆಂಡಿನ ದೊರೆಯ ಮೇಲೆ ಹೊರಿಸಿದ ದೂರುಗಳ ಉದ್ದನೆಯ ಪಟ್ಟಿ ಇದೆ. ಒಂದು ದೂರು ಹೀಗೆ: ಶಾಸನಸಭೆಗಳನ್ನು ರೂಢಿಯಲ್ಲಿಲ್ಲದ, ಅನನುಕೂಲವಾದ, ಸಾರ್ವಜನಿಕ ದಾಖಲೆಗಳಿಂದ ದೂರವಾದ ಜಾಗಗಳಿಗೆ ಕರೆಸಿದ್ದಾನೆ, ಸದಸ್ಯರನ್ನು ದಣಿಸಿ ತನ್ನ ಕ್ರಮಗಳಿಗೆ ಒಪ್ಪಿಸುವುದೊಂದೇ ಅದರ ಉದ್ದೇಶ. ಮ್ಯಾಸಚೂಸೆಟ್ಸ್‌ನ ಸಭೆಯನ್ನು ಬಾಸ್ಟನ್ನಿನಿಂದ ಕೇಂಬ್ರಿಜ್‌ಗೂ ಆಮೇಲೆ ಸೇಲಂಗೂ ಎತ್ತಿಹಾಕಿದ್ದರ ನೋವು ಅದು. ದಣಿಸಿ ಒಪ್ಪಿಸುವುದು! ನಮ್ಮ ಇಪ್ಪತ್ತೆರಡು ಕಿಲೋಮೀಟರಿನ ಹೆಸರು ಇದೇ ಎಂದು ನನಗೆ ಅನ್ನಿಸಿತು. ನಮ್ಮ ಸಂಘದ ಜಾಗದ ಪಹಣಿ, ಹಳೆಯ ನಡಾವಳಿ, ನಕ್ಷೆ ಎಲ್ಲವೂ ಸಂಘದ ಕಪಾಟಿನಲ್ಲಿದ್ದವು. ಪೇಟೆಯ ಹಾಲ್‌ನಲ್ಲಿ ಯಾರಾದರೂ ತೋರಿಸಿ ಎಂದಿದ್ದರೆ ತೋರಿಸಲು ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ. ದಾಖಲೆಗಳಿಂದ ದೂರ ಎನ್ನುವ ಮಾತನ್ನು ಆ ಘೋಷಣೆ ಬರೆದವರು ಸುಮ್ಮನೆ ಸೇರಿಸಲಿಲ್ಲ.

ಆ ಕಹಿಯನ್ನು ಅವರು ಮರೆಯಲಿಲ್ಲ. ಅಧಿವೇಶನ ನಡೆಯುವಾಗ ಎರಡು ಸದನಗಳಲ್ಲಿ ಯಾವುದೂ ಇನ್ನೊಂದರ ಒಪ್ಪಿಗೆಯಿಲ್ಲದೆ ಬೇರೆ ಸ್ಥಳಕ್ಕೆ ಹೋಗುವಂತಿಲ್ಲ ಎಂದು ತಮ್ಮ ಸಂವಿಧಾನದಲ್ಲೇ ಬರೆದರು. 1793ರಲ್ಲಿ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಂದು ಸಾವಿರಾರು ಜನ ಸತ್ತಾಗ, ಕಾಂಗ್ರೆಸ್ಸನ್ನು ಬೇರೆ ಊರಿಗೆ ಕರೆಯಲು ತನಗೆ ಅಧಿಕಾರವಿದೆಯೇ ಎಂದು ಅಧ್ಯಕ್ಷ ವಾಷಿಂಗ್ಟನ್ ಸಲಹೆ ಕೇಳಿದರು. ಇಲ್ಲ ಎಂದು ಜೆಫರ್ಸನ್ ಮತ್ತು ಮ್ಯಾಡಿಸನ್ ಹೇಳಿದರು. ಊರಲ್ಲಿ ಹೆಣ ಬೀಳುತ್ತಿರುವಾಗಲೂ ಅಧಿಕಾರ ಇದೆಯೇ ಎಂದು ಕೇಳಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮರುವರ್ಷ ಕಾಂಗ್ರೆಸ್ಸೇ ಕಾನೂನು ಮಾಡಿ, ಜೀವಕ್ಕೋ ಆರೋಗ್ಯಕ್ಕೋ ಅಪಾಯವಿದ್ದಾಗ ಅಧ್ಯಕ್ಷರು ಬೇರೆ ಸ್ಥಳಕ್ಕೆ ಕರೆಯಬಹುದು ಎಂದಿತು.

ನಾರ್ವೆಯ 1814ರ ಸಂವಿಧಾನ ಇನ್ನೂ ಬಿಚ್ಚಿ ಹೇಳುತ್ತದೆ. ಅದರ 68ನೇ ಕಲಮಿನ ಪ್ರಕಾರ ಸಂಸತ್ತು ರಾಜಧಾನಿಯಲ್ಲೇ ಸೇರಬೇಕು. ವೈರಿಯ ದಾಳಿ, ಸಾಂಕ್ರಾಮಿಕ ರೋಗದಂಥ ಅಸಾಧಾರಣ ಸಂದರ್ಭದಲ್ಲಿ ಮಾತ್ರ ದೊರೆ ಬೇರೆ ಪಟ್ಟಣವನ್ನು ಗೊತ್ತುಮಾಡಬಹುದು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಓಸ್ಲೋಗೆ ಬಂದಾಗ ಅದೇ ಪರಿಸ್ಥಿತಿ ಎದುರಾಯಿತು. ಸಭಾಧ್ಯಕ್ಷ ಹಾಂಬ್ರೊ ವಿಶೇಷ ರೈಲು ಹೊರಡಿಸಿ ದೊರೆ, ಮಂತ್ರಿಗಳು, ಸದಸ್ಯರನ್ನೆಲ್ಲ ಹಾಮಾರ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ಸಭೆ ಕೂತಿದ್ದಾಗಲೇ ವೈರಿ ಹತ್ತಿರ ಬರುತ್ತಿದ್ದಾನೆಂದು ಸುದ್ದಿ ಬಂತು. ಎದ್ದು ಎಲ್ವೆರುಮ್‌ಗೆ ಹೋಗಿ ಅಲ್ಲಿನ ಒಂದು ಶಾಲೆಯಲ್ಲಿ ಮತ್ತೆ ಸೇರಿದರು. ಶಾಲೆ ಎಂದು ಓದಿದಾಗ ನನಗೆ ನಮ್ಮ ಸಭಾಂಗಣದ ಕಪ್ಪುಹಲಗೆ, ಗೋಡೆಯ ಗಾಂಧಿ ಚಿತ್ರವೇ ಕಣ್ಣಿಗೆ ಬಂತು. ಒಂದು ದೇಶದ ಸಂಸತ್ತು ಬೆಳಗ್ಗೆಯಿಂದ ಓಡಿ ಓಡಿ ಕೊನೆಗೆ ಶಾಲೆಯ ಕೋಣೆಯಲ್ಲಿ ಕೂತು ಸರ್ಕಾರಕ್ಕೆ ಹೋರಾಟ ಮುಂದುವರಿಸಲು ಅಧಿಕಾರ ಕೊಟ್ಟಿತು. ಅದು ಮನೆ ಬಿಟ್ಟು ಹೋದದ್ದು ತನ್ನನ್ನು ಉಳಿಸಿಕೊಳ್ಳಲು.

ನಿಯಮವಿದ್ದರೂ ಕೆಡುವುದುಂಟು. ಫ್ರಾನ್ಸಿನಲ್ಲಿ 1795ರ ಸಂವಿಧಾನ ಸ್ಥಳ ಬದಲಿಸುವ ಅಧಿಕಾರವನ್ನು ಎರಡು ಸದನಗಳಲ್ಲಿ ಹಿರಿಯರ ಸದನ ಒಂದಕ್ಕೇ ಕೊಟ್ಟಿತ್ತು. 1799ರ ನವೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ ಪಿತೂರಿ ನಡೆಯುತ್ತಿದೆ ಎಂಬ ನೆಪ ಹೇಳಿ, ಆ ಸದನದಿಂದ ತೀರ್ಮಾನ ಮಾಡಿಸಿ ಎರಡೂ ಸದನಗಳನ್ನು ಊರ ಹೊರಗಿನ ಸೇಂಟ್ ಕ್ಲೌಡ್ ಅರಮನೆಗೆ ಸಾಗಿಸಿದರು. ಮರುದಿನ ಅಲ್ಲಿ ನೆಪೋಲಿಯನ್ನನ ಸೈನಿಕರು ಬಂದೂಕಿಗೆ ಸನೀನು ಸಿಕ್ಕಿಸಿಕೊಂಡು ಕಿರಿಯ ಸದನದವರನ್ನು ಓಡಿಸಿದರು. ಪ್ಯಾರಿಸ್ಸಿನ ಜನ ದೂರದಲ್ಲಿದ್ದರು.

ಇವುಗಳಲ್ಲಿ ನನಗೆ ಮಾದರಿಯಾಗಿ ಕಾಣುವುದು ದಕ್ಷಿಣ ಆಫ್ರಿಕಾದ್ದು. ಕೇಪ್‌ಟೌನ್ ಸಂಸತ್ತಿನ ಪೀಠ ಎಂದು ಅಲ್ಲಿನ ಸಂವಿಧಾನ ಹೆಸರು ಹಿಡಿದು ಹೇಳುತ್ತದೆ. ರಾಷ್ಟ್ರೀಯ ಸಭೆ ಬೇರೆ ಕಡೆ ಕುಳಿತುಕೊಳ್ಳಲು ಸಾರ್ವಜನಿಕ ಹಿತ, ಭದ್ರತೆ, ಅನುಕೂಲ ಎಂಬ ಮೂರೇ ಕಾರಣಗಳು ಸಲ್ಲುತ್ತವೆ, ಜೊತೆಗೆ ಸಭೆಯ ಸ್ವಂತ ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವೂ ಇರಬೇಕು. ಕಾರಣ ಬರೆದಿದೆ, ಬೀಗದ ಕೈ ಸಭೆಯ ಬಳಿಯೇ ಇದೆ. ಅನುಕೂಲ ಎಂಬ ಪದ ಮಾತ್ರ ನನಗೆ ಹಿಡಿಸುವುದಿಲ್ಲ. ಯಾರ ಅನುಕೂಲ ಎಂದು ಅದು ಹೇಳುವುದಿಲ್ಲ. ನಮ್ಮಲ್ಲಿ ಫ್ಯಾನ್ ತೋರಿಸಿದವರ ಬಾಯಲ್ಲಿದ್ದದ್ದೂ ಅದೇ ಪದ.

ಬೆಳಗಾವಿಯ ಮಾತು ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. 2018ರ ಡಿಸೆಂಬರಿನಲ್ಲಿ ನಾವು ಕೆಲವು ಸಹಕಾರಿ ನೌಕರರು ಒಂದು ಮನವಿ ಹಿಡಿದು ಸುವರ್ಣ ವಿಧಾನಸೌಧಕ್ಕೆ ಹೋಗಿದ್ದೆವು. ಉಡುಪಿಯಿಂದ ರಾತ್ರಿ ಬಸ್, ಅಂಕೋಲಾದಲ್ಲಿ ಹೆದ್ದಾರಿ ಬಿಟ್ಟು ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ ಬೆಳಗಿನ ಜಾವಕ್ಕೆ ಬೆಳಗಾವಿ. ಕರಾವಳಿಯವರಿಗೆ ಆ ಚಳಿ ತಡೆಯುವಂಥದ್ದಲ್ಲ. ಸೀರೆಯ ಮೇಲೆ ಮಗನ ಜರ್ಕಿನ್ ಹಾಕಿಕೊಂಡು ನಿಂತಿದ್ದೆ. ಪ್ರತಿಭಟನೆಯ ಪೆಂಡಾಲುಗಳ ಸಾಲಿನಲ್ಲಿ ನಮ್ಮ ಪಕ್ಕಕ್ಕೆ ಅಥಣಿ ಕಡೆಯ ಕಬ್ಬು ಬೆಳೆಗಾರರು. ಒಬ್ಬ ಹಿರಿಯರು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ, “ತಗೊಳ್ಳಿ ತಂಗಿ, ನಮಗೆ ಇದು ಮನೆಯ ಬಾಗಿಲು,” ಎಂದರು. ಬೆಂಗಳೂರು ಅವರ ಊರಿನಿಂದ ಐನೂರು ಕಿಲೋಮೀಟರಿಗಿಂತ ಹೆಚ್ಚು. ಮಂತ್ರಿಯ ಕಾರು ಹೋಗುವುದನ್ನು ಅವರು ಅಷ್ಟು ಹತ್ತಿರದಿಂದ ನೋಡುವುದು, ಮನವಿಯನ್ನು ಕೈಯಲ್ಲೇ ಕೊಡುವುದು ಆ ಹತ್ತು ದಿನ ಮಾತ್ರ. ಅಲ್ಲಿ ಅಧಿವೇಶನ ದುಂದು ಎನ್ನುವವರ ಲೆಕ್ಕ ನನಗೆ ಗೊತ್ತಿದೆ. ಆ ರೊಟ್ಟಿ ತಿಂದ ಮೇಲೆ ಆ ಲೆಕ್ಕವನ್ನು ನಾನು ಒಪ್ಪಲಾರೆ.

ಆದರೂ ಬೆಳಗಾವಿಯ ಬುಡದಲ್ಲೂ ಅದೇ ಸಡಿಲು ಇದೆ. 2006ರಲ್ಲಿ ಮೊದಲ ಅಧಿವೇಶನ ನಡೆಯಿತು, 2012ರಲ್ಲಿ ಕಟ್ಟಡವೂ ಉದ್ಘಾಟನೆಯಾಯಿತು. ರಾಜ್ಯಪಾಲರಿಗೆ 174ನೇ ವಿಧಿ ಕೊಟ್ಟಿರುವುದೂ ಸೂಕ್ತವೆಂದು ತೋರಿದ ಸ್ಥಳ ಎಂಬ ಅದೇ ಮಾತು. ನಾವು ಹೋಗಿ ಬಂದ ಮರುವರ್ಷ, ಅಂದರೆ 2019ರಲ್ಲಿ, ಅಲ್ಲಿ ಅಧಿವೇಶನ ನಡೆಯಲಿಲ್ಲ, 2020ರಲ್ಲೂ ಇಲ್ಲ, 2021ರಲ್ಲಿ ಮತ್ತೆ ನಡೆಯಿತು. ಪ್ರವಾಹ, ಕೊರೊನಾ ಎಂದು ಕಾರಣಗಳಿದ್ದವು, ಅವು ಸಣ್ಣ ಕಾರಣಗಳೂ ಅಲ್ಲ. ಆದರೆ ಆ ಅಥಣಿಯ ಹಿರಿಯರು ಮುಂದಿನ ಡಿಸೆಂಬರಿಗೆ ಬಾಗಿಲು ತೆರೆದಿರುತ್ತದೆಯೇ ಎಂದು ಕೇಳಿದರೆ, ಇಂಥ ಕಾನೂನಿನ ಇಂಥ ಕಲಮಿನ ಪ್ರಕಾರ ತೆರೆದಿರಲೇಬೇಕು ಎಂದು ಹೇಳಲು ಆಧಾರ ಬೇಕು.

ದಕ್ಷಿಣದಲ್ಲಿ ಸಂಸತ್ತು ಸೇರಲಿ ಎನ್ನುವ ಮಾತು ಹೊಸದಲ್ಲ. 1955ರಲ್ಲಿ ಅಂಬೇಡ್ಕರ್ ಹೈದರಾಬಾದ್ ದೇಶದ ಎರಡನೇ ರಾಜಧಾನಿಯಾಗಲಿ ಎಂದು ಬರೆದರು. 1959ರಲ್ಲಿ ಉತ್ತರದವರೇ ಆದ ಪ್ರಕಾಶವೀರ ಶಾಸ್ತ್ರಿ, ಒಂದು ಅಧಿವೇಶನವನ್ನು ದಕ್ಷಿಣದಲ್ಲಿ ನಡೆಸಬೇಕೆಂದು ಲೋಕಸಭೆಯಲ್ಲಿ ಗೊತ್ತುವಳಿ ತಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಮದ್ರಾಸಿನ ವಿಧಾನಸಭೆ ಊಟಿಯ ಅರನ್‌ಮೋರ್ ಅರಮನೆಯಲ್ಲಿ ಹನ್ನೊಂದು ದಿನ ಸೇರಿತ್ತು. ನಮ್ಮ ಜಿಲ್ಲೆ 1956ರಲ್ಲೇ ಮದ್ರಾಸನ್ನು ಬಿಟ್ಟು ಬಂದಿತ್ತು, ಇಲ್ಲವಾದರೆ ನಮ್ಮ ಶಾಸಕರೂ ಅಲ್ಲಿರುತ್ತಿದ್ದರು. ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ ತಲುಪಲು ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಮಲ್ಪೆಯ ಮೀನುಗಾರ ಮಹಿಳೆಯೊಬ್ಬಳು ತನ್ನ ಪ್ರಶ್ನೆಗೆ ಮಂತ್ರಿ ಏನು ಉತ್ತರ ಕೊಡುತ್ತಾರೆಂದು ಗ್ಯಾಲರಿಯಲ್ಲಿ ಕೂತು ಕೇಳಬೇಕಾದರೆ ಒಂದು ವಾರದ ದುಡಿಮೆ ಬಿಡಬೇಕು. ಆದ್ದರಿಂದ ಸಂಸತ್ತು ಹೈದರಾಬಾದಿಗೋ ಬೆಂಗಳೂರಿಗೋ ವರ್ಷಕ್ಕೊಮ್ಮೆ ಬರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ.

ಆದರೆ ಅದು ಸರ್ಕಾರದ ಕೃಪೆಯಿಂದ ಬರುವುದು ಬೇಡ. ಎರಡು ಸದನಗಳೂ ಮೊದಲೇ ಗೊತ್ತುವಳಿ ಮಾಡಿ ಒಪ್ಪಬೇಕು. ಕಾರಣವನ್ನು ಆ ಗೊತ್ತುವಳಿಯಲ್ಲೇ ಬರೆಯಬೇಕು, ಎಷ್ಟು ದಿನ ಎಂದು ಬರೆಯಬೇಕು, ಮರಳಿ ದೆಹಲಿಯಲ್ಲಿ ಸೇರುವ ದಿನವನ್ನೂ ಬರೆಯಬೇಕು. ಮಸೂದೆಗಳ ಕಡತ, ಗ್ರಂಥಾಲಯದ ಸಿಬ್ಬಂದಿ, ವರದಿಗಾರರು ಸದಸ್ಯರ ಜೊತೆಗೇ ಬರಬೇಕು. ಸಾರ್ವಜನಿಕರ ಗ್ಯಾಲರಿ ದೆಹಲಿಯಲ್ಲಿರುವುದಕ್ಕಿಂತ ಒಂದು ಕುರ್ಚಿಯೂ ಕಡಿಮೆ ಇರಬಾರದು. ಜನರ ಹತ್ತಿರ ಬಂದೆವು ಎಂದು ಹೇಳಿ ಜನರನ್ನು ಗೇಟಿನ ಹೊರಗೆ ನಿಲ್ಲಿಸುವುದು ಆಗಬಾರದು. ಯುದ್ಧ, ರೋಗ, ಭೂಕಂಪ ಬಂದಾಗ ಗೊತ್ತುವಳಿಗೆ ಕಾಯಲಾಗುವುದಿಲ್ಲ, ಸರಿ. ಆಗ ರಾಷ್ಟ್ರಪತಿಯವರು ಎರಡೂ ಸಭಾಧ್ಯಕ್ಷರನ್ನು ಕೇಳಿ ಕರೆಯಲಿ, ಹೊಸ ಜಾಗದ ಮೊದಲ ದಿನದ ಮೊದಲ ಕೆಲಸವಾಗಿ ಸಭೆ ಅದಕ್ಕೆ ಒಪ್ಪಿಗೆ ಕೊಡಲಿ. ಇದಕ್ಕೆ 85ನೇ ವಿಧಿಗೆ ಎರಡು ಸಾಲು ಸೇರಿಸಿದರೆ ಸಾಕು.

ಎರಡು ಸಾಲು ಸೇರಿಸುವುದು ಆಗುವ ಕೆಲಸ ಎಂದು ನಾನು ಧೈರ್ಯದಿಂದ ಹೇಳುತ್ತೇನೆ, ಏಕೆಂದರೆ ನಾವು ಸೇರಿಸಿದ್ದೇವೆ. ಸಂಘದ ಜಾಗ ಹೋಯಿತು, ಈಗ ಅಲ್ಲಿ ಮೂರು ಅಂಗಡಿಗಳಿವೆ. ಆದರೆ ಮುಂದಿನ ವರ್ಷದ ಮಹಾಸಭೆ ಶಾಲೆಯಲ್ಲೇ ನಡೆಯಿತು, ಬೆಂಚು ಸಾಲದೆ ಜನ ಕಿಟಕಿಯ ಹೊರಗೆ ನಿಂತಿದ್ದರು. ಬೈಲಾ ತಿದ್ದುಪಡಿ ಮಂಡಿಸಿದರು: ಮಹಾಸಭೆ ಸಂಘದ ಕಾರ್ಯವ್ಯಾಪ್ತಿಯೊಳಗೇ ನಡೆಯತಕ್ಕದ್ದು, ಹೊರಗೆ ನಡೆಸಬೇಕಾದರೆ ಹಿಂದಿನ ಮಹಾಸಭೆಯ ಒಪ್ಪಿಗೆ ಪಡೆಯತಕ್ಕದ್ದು, ಸ್ಥಳ ಬದಲಾದರೆ ಪ್ರತಿ ಸದಸ್ಯರಿಗೂ ಹೊಸ ನೋಟೀಸು ತಲುಪಿಸತಕ್ಕದ್ದು. ಜಗಲಿಯಲ್ಲಿ ಕಾದಿದ್ದ ಆ ಹಿರಿಯರು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಓದಿ ಮುಗಿಸಿದ ಮೇಲೆ, “ಮೂರನೆಯದನ್ನು ಇನ್ನೊಮ್ಮೆ ಓದು,” ಎಂದರು. ಓದಿದೆ. ಉಪನಿಬಂಧಕರ ಕಚೇರಿಯಿಂದ ಅದು ಮಂಜೂರಾಗಿ ಬರಲು ನಾಲ್ಕು ತಿಂಗಳು ಹಿಡಿಯಿತು.

ನಾನು ನಿವೃತ್ತಳಾಗಿ ವರ್ಷಗಳಾದವು. ಈಗಿನ ಹುಡುಗಿ ನೋಟೀಸನ್ನು ಕಂಪ್ಯೂಟರಿನಲ್ಲಿ ಮಾಡಿ, ಪ್ರಿಂಟ್ ತೆಗೆದು ಮನೆಗೆ ತಂದುಕೊಡುತ್ತಾಳೆ. ಈ ಸಲದ್ದು ಮೊನ್ನೆ ಬಂತು. ದಿನಾಂಕ, ಸಮಯ, ಆಮೇಲೆ ಸ್ಥಳ: ಶಾಲೆಯ ಸಭಾಂಗಣ. ಅದನ್ನು ಮಡಚಿ ಕನ್ನಡಕದ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೇನೆ.